ಎದ್ದು ನಿಂತ ರೈಲು ಸೇತುವೆ: ಎತ್ತುವುದು ಮೋಟಾರಲ್ಲ, ಎದುರು ತೂಕ

ಪ್ರಶ್ನೆ: ಶಿಕಾಗೊದಲ್ಲಿರುವ ಮಗ ಒಂದು ಫೋಟೊ ಕಳಿಸಿದ್ದಾನೆ. ಊರ ನಡುವಿನ ನದಿಯ ದಂಡೆಯಲ್ಲಿ ರೈಲು ಸೇತುವೆಯೊಂದು ಹಳಿ ಸಮೇತ ಆಕಾಶಕ್ಕೆ ಮುಖ ಮಾಡಿ ನಿಂತಿದೆ. ಕಿಂಜಿ ಸ್ಟ್ರೀಟ್ ಸೇತುವೆಯಂತೆ. ಕೆಟ್ಟು ಹಾಗೆ ನಿಂತಿದೆಯೋ, ಬೇಕೆಂದೇ ನಿಲ್ಲಿಸಿದ್ದಾರೋ? ಅಷ್ಟು ಭಾರ ಏಳುವುದಾದರೂ ಹೇಗೆ? ಮೇಲೆ ರೈಲು ಬಂದಾಗ ಬಾಗುವುದಿಲ್ಲವೆ? ನಮ್ಮ ರಾಮೇಶ್ವರದ ಪಾಂಬನ್ ಸೇತುವೆಯೂ ಇದೇ ಜಾತಿಯದೆ? ಕೃಷ್ಣಾ ನದಿಯ ರೈಲು ಸೇತುವೆಗೆ ಇಂಥದ್ದು ಯಾಕೆ ಬೇಕಾಗಲಿಲ್ಲ?
– ಒಬ್ಬ ಓದುಗರು, ರಾಯಚೂರು

ಉತ್ತರ: ಕೆಟ್ಟು ನಿಂತದ್ದಲ್ಲ, ಬೇಕೆಂದೇ ಎತ್ತಿ ನಿಲ್ಲಿಸಿದ್ದು. ಆ ಹಳಿಯ ಮೇಲೆ ಈಗ ಸರಕು ಓಡುವುದಿಲ್ಲ. ಕೊನೆಯ ಗಿರಾಕಿ ಒಂದು ಪತ್ರಿಕೆಯ ಮುದ್ರಣಾಲಯ, ಅಲ್ಲಿಗೆ ಕಾಗದದ ಉರುಳೆ ಹೋಗುತ್ತಿತ್ತು. ಮುದ್ರಣಾಲಯ ಜಾಗ ಬದಲಿಸಿದ ಮೇಲೆ 2000ದ ಸುಮಾರಿಗೆ ರೈಲಿನ ಕೆಲಸ ಮುಗಿಯಿತು. ನದಿಯಲ್ಲಿ ದೋಣಿಗಳ ಓಡಾಟ ಮಾತ್ರ ನಿಂತಿಲ್ಲ. ರೈಲು ಬರದ ಸೇತುವೆಯನ್ನು ಮಲಗಿಸಿಟ್ಟರೆ ದೋಣಿಗೆ ಅಡ್ಡಿ, ಎತ್ತಿಟ್ಟರೆ ಯಾರಿಗೂ ತೊಂದರೆಯಿಲ್ಲ.

ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಅದು ತಿಳಿದರೆ ಉಳಿದದ್ದು ಸಲೀಸು. ಶಕ್ತಿನಗರದ ಕಡೆಯಿಂದ ಕೃಷ್ಣಾ ಸ್ಟೇಷನ್ನಿಗೆ ಹೋಗುವಾಗ ಕಿಟಕಿಯಿಂದ ಕೆಳಗೆ ನೋಡಿ. ಬಂಡೆ, ಮರಳು, ಅಲ್ಲಲ್ಲಿ ಮಡು. ಬೇಸಿಗೆಯಲ್ಲಂತೂ ನೀರಿಗಿಂತ ಕಲ್ಲೇ ಹೆಚ್ಚು. ಇಲ್ಲಿ ನೀರಿನ ಮೇಲೆ ಓಡಾಡಿದ್ದು ಹರಿಗೋಲು, ತೆಪ್ಪ. ಹರಿಗೋಲಿನಲ್ಲಿ ಮನುಷ್ಯ ಎದ್ದು ನಿಂತು ಹುಟ್ಟು ಹಾಕಿದರೂ ಒಂದಾಳೆತ್ತರದ ಮೇಲೆ ಸ್ವಲ್ಪ ಜಾಗ ಸಾಕು. ಮಹಾಪೂರದ ಮಟ್ಟಕ್ಕಿಂತ ಮೇಲೆ ಇರಲೇಬೇಕಾದ ರೈಲು ಸೇತುವೆ ಅದಕ್ಕಿಂತ ಎಷ್ಟೋ ಎತ್ತರದಲ್ಲಿರುತ್ತದೆ. ಸಮುದ್ರದ ಹಡಗು ಇಲ್ಲಿಗೆ ಏರಿ ಬರುವ ಮಾತೇ ಇಲ್ಲ. ತುಂಗಭದ್ರೆಯದ್ದೂ ಇದೇ ಕಥೆ. ಹೊಸಪೇಟೆಯಿಂದ ಮುನಿರಾಬಾದಿಗೆ ದಾಟುವ ರೈಲು ಯಾವ ಹಡಗಿಗೂ ದಾರಿ ಬಿಡಬೇಕಾಗಿಲ್ಲ. (1860ರ ದಶಕದಲ್ಲಿ ಸುಂಕೇಶುಲದಿಂದ ಕಡಪದ ಕಡೆಗೆ ತೋಡಿದ ಕಾಲುವೆಯಲ್ಲಿ ನೀರಾವರಿಯ ಜೊತೆ ದೋಣಿಯನ್ನೂ ಓಡಿಸುವ ಉದ್ದೇಶವಿತ್ತು. ತುಂಗಭದ್ರೆಯ ನೀರಿಗೆ ಜಲಸಾರಿಗೆಯ ಆಸೆ ಹತ್ತಿದ್ದು ಅಷ್ಟಕ್ಕೇ.)

ಈಗ ಶಿಕಾಗೊ. ಮುಂಬೈ ಕಡೆಯಿಂದ ಬಂದ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲ್ವೆಯ ಹಳಿಯೂ ಮದ್ರಾಸ್ ರೈಲ್ವೆಯ ಹಳಿಯೂ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಅದೇ ವರ್ಷ ಶಿಕಾಗೊ ಊರಿನ ದೊಡ್ಡ ಭಾಗವೇ ಬೆಂಕಿಗೆ ಸುಟ್ಟುಹೋಗಿತ್ತು. ಆಗ ಆ ನದಿಯೇ ಅಲ್ಲಿನ ಬಂದರು. ಮಿಶಿಗನ್ ಸರೋವರದಿಂದ ಕಟ್ಟಿಗೆ, ಕಾಳು ತುಂಬಿದ ಹಾಯಿಹಡಗುಗಳು ಎತ್ತರದ ಕೂವೆಮರ ಹೊತ್ತು ಊರೊಳಕ್ಕೇ ಬರುತ್ತಿದ್ದವು. ದಂಡೆಯ ಮಟ್ಟವೋ, ನೀರಿಗಿಂತ ಕೆಲವೇ ಅಡಿ ಮೇಲೆ.

ಹಾಗಿದ್ದರೆ ಎತ್ತರದ ಸೇತುವೆ ಕಟ್ಟಬಹುದಿತ್ತಲ್ಲ ಎಂದು ಕೇಳಬಹುದು. ರೈಲಿನ ಬಲಹೀನತೆ ಇರುವುದೇ ಇಲ್ಲಿ, ಅದಕ್ಕೆ ಏರು ಆಗದು. ಲಾರಿ ಹತ್ತುವ ಏರನ್ನು ಗೂಡ್ಸ್ ಗಾಡಿ ಹತ್ತಲಾರದು. ನೂರಕ್ಕೆ ಒಂದರ ಏರು, ಅಂದರೆ 100 ಮೀಟರ್ ಹೋದರೆ 1 ಮೀಟರ್ ಮೇಲೆ, ಭಾರದ ಗಾಡಿಗೆ ಸಾಕುಬೇಕು. ಕೂವೆಮರಕ್ಕಾಗಿ ಹಳಿಯನ್ನು 30 ಮೀಟರ್ ಎತ್ತರಿಸಬೇಕೆಂದರೆ ನದಿಯ ಆಚೆ 3 ಕಿ.ಮೀ., ಈಚೆ 3 ಕಿ.ಮೀ. ಏರುದಾರಿ ಬೇಕು. ಊರ ನಡುವೆ ಅಷ್ಟು ಜಾಗ ಎಲ್ಲಿಂದ ತರುವುದು? ಸಾಲದ್ದಕ್ಕೆ ಸ್ಟೇಷನ್ನೂ ಗೋದಾಮೂ ನದಿಯ ಪಕ್ಕದಲ್ಲೇ. ಹಾಗಾಗಿ ಹಳಿಯನ್ನು ಕೆಳಗೇ ಇಟ್ಟು, ಹಡಗು ಬಂದಾಗ ಸೇತುವೆಯನ್ನೇ ಸರಿಸುವ ದಾರಿ ಹಿಡಿದರು.

ನಿಮ್ಮ ಫೋಟೊದಲ್ಲಿರುವ ಜಾಗಕ್ಕೆ 1852ರಲ್ಲೇ ರೈಲು ಸೇತುವೆ ಬಂತು. ಶಿಕಾಗೊ ನದಿಗೆ ಅದೇ ಮೊದಲ ರೈಲು ಸೇತುವೆ, ತೇಲುವ ದೋಣಿಯ ಆಧಾರದ ಮೇಲೆ ತಿರುಗುವಂಥದ್ದು. ಆಮೇಲೆ 1879ರಲ್ಲಿ ಒಂದು, 1898ರಲ್ಲಿ ಇನ್ನೊಂದು, ಕೊನೆಗೆ 1908ರಲ್ಲಿ ಈಗಿನದು. ಸುಮಾರು ಐವತ್ತೈದು ವರ್ಷದಲ್ಲಿ ಒಂದೇ ಜಾಗದಲ್ಲಿ ನಾಲ್ಕು ಸೇತುವೆ. ಇಂಜಿನು, ವ್ಯಾಗನ್ನುಗಳ ಭಾರ ಏರುತ್ತ ಹೋದದ್ದು ಇದಕ್ಕೆ ಒಂದು ಕಾರಣ. ನದಿಯ ಬೇಡಿಕೆ ಬದಲಾದದ್ದು ಇನ್ನೊಂದು.

ಆ ಕಾಲದ ಮಾಮೂಲಿ ಜಾತಿಯೆಂದರೆ ತಿರುಗು ಸೇತುವೆ. ನದಿಯ ನಟ್ಟನಡುವೆ ದೊಡ್ಡ ಕಂಬ, ಅದರ ಮೇಲೆ ಗರ್ಡರು, ಅಂದರೆ ಹಳಿ ಹೊರುವ ತೊಲೆ. ಬೀಸುಕಲ್ಲಿನ ಮೇಲುಕಲ್ಲು ಗೂಟದ ಸುತ್ತ ತಿರುಗಿದ ಹಾಗೆ ಗರ್ಡರು ಕಾಲು ಸುತ್ತು ತಿರುಗಿ ನದಿಯ ಉದ್ದಕ್ಕೆ ನಿಲ್ಲುತ್ತಿತ್ತು. ಎರಡೂ ತೋಳು ಸಮ ಇರುವುದರಿಂದ ತೂಕದ ತಂಟೆಯಿಲ್ಲ, ಕಟ್ಟುವುದೂ ಅಗ್ಗ. ಆದರೆ ನಡುಗಂಬ ನದಿಯ ಅತಿ ಆಳದ ದಾರಿಯನ್ನೇ ನುಂಗುತ್ತದೆ. ಹಡಗು ಸಪುರವಾಗಿದ್ದಾಗ ನಡೆಯಿತು, ಅಗಲವಾದಾಗ ಮೂತಿ ಒರೆಸಿಕೊಂಡು ಹೋಗಬೇಕಾಯಿತು. ಮೇಲಾಗಿ ತಿರುಗುವಾಗ ಅದು ಸುತ್ತಲಿನ ಜಾಗವನ್ನೆಲ್ಲ ಸವರುತ್ತದೆ, ಹತ್ತಿರದಲ್ಲಿ ಇನ್ನೊಂದು ಸೇತುವೆ ಇರುವ ಹಾಗಿಲ್ಲ. 1900ರಲ್ಲಿ ಕಾಲುವೆ ತೋಡಿ, ಊರ ಕೊಳಚೆ ಸರೋವರಕ್ಕೆ ಸೇರದಂತೆ ನದಿಯ ಹರಿವನ್ನೇ ಹಿಂದುಮುಂದು ಮಾಡಿದರು. ನೀರಿನ ಸೆಳೆತ ಹೆಚ್ಚಿತು, ಹರಿವಿಗೆ ನಡುಗಂಬ ಅಡ್ಡವಾಯಿತು. ತಿರುಗು ಸೇತುವೆಗಳಿಗೆ ಗ್ರಹಚಾರ ಕೆಟ್ಟದ್ದು ಹಡಗಿನಿಂದ ಎಷ್ಟೋ, ಚರಂಡಿಯಿಂದಲೂ ಅಷ್ಟೇ.

ಇದಕ್ಕೂ ಮೊದಲು ಅದೇ ನದಿಯ ಇನ್ನೊಂದು ಕಡೆ ಮೆಟ್ರೊಪಾಲಿಟನ್ ಎಂಬ ಎತ್ತರದ ಹಳಿಯ ಕಂಪನಿಗೆ ಇಂಥದ್ದೇ ಪೇಚು ಬಂದಿತ್ತು. ಎರಡು ರಸ್ತೆ ಸೇತುವೆಗಳ ನಡುವಿನ ಇಕ್ಕಟ್ಟಿನಲ್ಲಿ ನಾಲ್ಕು ಹಳಿ ದಾಟಿಸಬೇಕು, ತಿರುಗಿಸಲು ಜಾಗವಿಲ್ಲ. ವಿಲಿಯಂ ಶೆರ್ಜರ್ ಎಂಬ ಇಂಜಿನಿಯರ್ ಇದಕ್ಕೆ ಉರುಳಿ ಏಳುವ ಸೇತುವೆ ಹೊಂದಿಸಿಕೊಟ್ಟ. ಸೇತುವೆಯ ಹಿಂಬದಿಗೆ ಬಂಡಿಗಾಲಿಯ ಕಾಲುಭಾಗದಂಥ ದೊಡ್ಡ ಕಮಾನು. ಅದು ಸಮತಟ್ಟಾದ ಉಕ್ಕಿನ ಹಾಸಿನ ಮೇಲೆ ಹಿಂದಕ್ಕೆ ಉರುಳಿದರೆ ಮೂತಿ, ಅಂದರೆ ನದಿಯ ಕಡೆಯ ತುದಿ, ಮೇಲೇಳುತ್ತದೆ. ಏಳುವುದಷ್ಟೇ ಅಲ್ಲ, ಏಳುತ್ತ ನದಿಯಿಂದ ಹಿಂದಕ್ಕೂ ಸರಿಯುತ್ತದೆ. ಅದೇ ಅದರ ಜಾಣತನ. 1893ರಲ್ಲಿ ಶೆರ್ಜರ್ ತೀರಿಕೊಂಡ, ತಮ್ಮ ಆಲ್ಬರ್ಟ್ ಮುಂದುವರಿಸಿದ, 1895ಕ್ಕೆ ಸೇತುವೆ ಸಿದ್ಧವಾಯಿತು. ಪಾಂಬನ್ನಿನ ಹಳೇ ಸೇತುವೆಯ ನಡುವಿನ ಎರಡು ರೆಕ್ಕೆಗಳು (ಮೇಲೇಳುವ ಭಾಗಗಳು) ಇದೇ ಶೆರ್ಜರ್ ಜಾತಿಯವು. 1914ರ ಫೆಬ್ರವರಿಯಲ್ಲಿ ಶುರುವಾದ ಅವನ್ನು ಕೈಯಿಂದಲೇ ಎತ್ತುತ್ತಿದ್ದರು. ಒಂದೊಂದು ರೆಕ್ಕೆ 415 ಟನ್.

ಇನ್ನು ಅಷ್ಟು ಭಾರ ಏಳುವುದು ಹೇಗೆ ಎಂಬುದು. 415 ಟನ್ನನ್ನು ಆಳುಗಳು ಕೈಯಿಂದ ಎತ್ತಿದರೆಂದರೆ ನಂಬಿಕೆ ಬರುವುದಿಲ್ಲ. ಅವರು ಎತ್ತಿದ್ದು ಅದನ್ನಲ್ಲ. ಹಳೇ ಕಾಲದ ಏತ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಒಂದು ತುದಿಗೆ ಬಾನಿ, ಇನ್ನೊಂದು ತುದಿಗೆ ಕಲ್ಲು. ಈಗ ಏತ ಕಾಣಸಿಗುವುದಿಲ್ಲ, ರೈಲ್ವೆ ಗೇಟಾದರೂ ಇದೆ. ಗೇಟ್‌ಮನ್ ಹ್ಯಾಂಡಲ್ ತಿರುಗಿಸಿದಾಗ ಅಷ್ಟುದ್ದದ ತೋಳು ಏಳುತ್ತದಲ್ಲ, ಅದರ ಮೋಟು ತುದಿಯಲ್ಲಿರುವ ಕಬ್ಬಿಣದ ಗಟ್ಟಿ ನೋಡಿ. ಲೆಕ್ಕ ಹೀಗೆ: ತೋಳು 6 ಮೀಟರ್ ಉದ್ದ, 50 ಕಿಲೊ ತೂಕ ಎಂದುಕೊಳ್ಳಿ. ತೂಕದ ನಡುಬಿಂದು 3 ಮೀಟರ್ ದೂರದಲ್ಲಿ, ಗುಣಿಸಿದರೆ 150. ಮೋಟು ತುದಿ ಕೀಲಿನಿಂದ ಅರ್ಧ ಮೀಟರ್ ಇದ್ದರೆ ಅಲ್ಲಿ 300 ಕಿಲೊ ಗಟ್ಟಿ ಕೂರಿಸಿದಾಗ ಎರಡೂ ಸಮ. ಆಮೇಲೆ ಒಂದು ಬೆರಳಿನಲ್ಲಿ ತಳ್ಳಿದರೂ ಏಳುತ್ತದೆ. ಮಿಕ್ಕ ಶಕ್ತಿ ಬೇಕಾಗುವುದು ಬೇರಿಂಗಿನ ತಿಕ್ಕಾಟಕ್ಕೆ, ಗಾಳಿಗೆ ಮತ್ತು ಚಲನೆ ಶುರುಮಾಡಿ ನಿಲ್ಲಿಸುವುದಕ್ಕೆ.

ಕಿಂಜಿ ಸೇತುವೆಯದ್ದೂ ಇದೇ ಗೇಟಿನ ಸೂತ್ರ. 170 ಅಡಿ, ಅಂದರೆ ಸುಮಾರು 52 ಮೀಟರಿನ ಒಂದೇ ರೆಕ್ಕೆ. ಅದು ಉರುಳುವುದಿಲ್ಲ, ದಪ್ಪ ಉಕ್ಕಿನ ಅಚ್ಚಿನ ಮೇಲೆ ತಿರುಗುತ್ತದೆ. ಇದು ಜೋಸೆಫ್ ಸ್ಟ್ರಾಸ್ ಪದ್ಧತಿ. ಮುಂದೆ ಗೋಲ್ಡನ್ ಗೇಟ್ ಸೇತುವೆಯ ಮುಖ್ಯ ಇಂಜಿನಿಯರ್ ಆದವನು ಇವನೇ. ಎದುರು ತೂಕಕ್ಕೆ ದುಬಾರಿ ಎರಕದ ಕಬ್ಬಿಣ ಬಿಟ್ಟು ಕಾಂಕ್ರೀಟ್ ಬಳಸಿದ್ದು ಇವನ ಹೆಚ್ಚುಗಾರಿಕೆ. ಕಾಂಕ್ರೀಟು ಅಗ್ಗ, ಆದರೆ ಅಷ್ಟೇ ತೂಕಕ್ಕೆ ಕಬ್ಬಿಣದ ಮೂರರಷ್ಟು ಜಾಗ ಬೇಡುತ್ತದೆ. ಕೆಳಗಿಟ್ಟರೆ ಅದು ಇಳಿಯಲು ನದಿಯ ಪಕ್ಕ ನೀರು ನುಗ್ಗದಂಥ ಗುಂಡಿ ಕಟ್ಟಬೇಕು. ಅದಕ್ಕೇ ಕಾಂಕ್ರೀಟ್ ದಿಮ್ಮಿಯನ್ನು ಹಳಿಯ ಮೇಲೆ, ನೆತ್ತಿಯ ಮೇಲೆಯೇ ಕೂರಿಸಿದ. ರೈಲು ಅದರ ಹೊಟ್ಟೆಯಡಿ ನುಸುಳಿ ಹೋಗುತ್ತದೆ. ಫೋಟೊದಲ್ಲಿ ದಂಡೆಯ ಬದಿಗೆ ಮನೆಯಂಥ ಬೂದು ಗಡ್ಡೆಯೊಂದು ಕಂಡರೆ ಅದು ಇದೇ.

ಮೇಲೆ ರೈಲು ಬಂದರೆ ತಕ್ಕಡಿ ಒಂದು ಕಡೆಗೆ ವಾಲುವುದಿಲ್ಲವೆ ಎಂಬುದು ಒಳ್ಳೆಯ ಪ್ರಶ್ನೆ. ಎದುರು ತೂಕ ಹೊಂದಿಸಿರುವುದು ಸೇತುವೆಯ ಸ್ವಂತ ತೂಕಕ್ಕೆ ಮಾತ್ರ. ಮುಚ್ಚಿದಾಗ ಮೂತಿ ಆಚೆ ದಂಡೆಯ ಕಟ್ಟೆಯ ಮೇಲೆ ಗಟ್ಟಿಯಾಗಿ ಕೂರುತ್ತದೆ. ಆಗ ಅದೊಂದು ಮಾಮೂಲಿ ಗರ್ಡರ್ ಸೇತುವೆ, ರೈಲಿನ ಭಾರ ಎರಡೂ ದಂಡೆಗೆ ಹಂಚಿಹೋಗುತ್ತದೆ. ಆ ಭಾರ ಸಣ್ಣದಲ್ಲ. ಬಳ್ಳಾರಿ ಕಡೆಯ ಅದಿರಿನ ವ್ಯಾಗನ್ ತುಂಬಿದಾಗ 80ರಿಂದ 90 ಟನ್, ಉದ್ದ 10.7 ಮೀಟರ್. ಹೊಸ ಪಾಂಬನ್ ಸೇತುವೆಯ ಏಳುವ ಸ್ಪ್ಯಾನ್, ಅಂದರೆ ಎರಡು ಆಧಾರಗಳ ನಡುವಿನ ಭಾಗ, 72.5 ಮೀಟರ್. ಅದರ ಮೇಲೆ ಆರೇಳು ವ್ಯಾಗನ್ ನಿಂತರೆ 600 ಟನ್ ಹತ್ತಿರ ಹೋಗುತ್ತದೆ. ಆ ಸ್ಪ್ಯಾನಿನ ಸ್ವಂತ ತೂಕ 660 ಟನ್. ಅಂದರೆ ಸೇತುವೆಯಷ್ಟೇ ಇನ್ನೊಂದು ಸೇತುವೆ ಮೇಲೆ ಕೂತಂತೆ.

ಅದಕ್ಕೇ ರೈಲಿಗೆ ಎರಡು ರೆಕ್ಕೆಗಿಂತ ಒಂದೇ ರೆಕ್ಕೆ ವಾಸಿ ಎನ್ನುತ್ತೇನೆ. ಎರಡು ರೆಕ್ಕೆ ನಡುವೆ ಕೂಡುವ ಕಡೆ ಕೆಳಗೆ ಆಧಾರವಿಲ್ಲ, ಗಾಲಿ ಬಂದಾಗ ಒಂದು ತುದಿ ಜಗ್ಗುತ್ತದೆ, ಇನ್ನೊಂದು ಮೇಲೆ ಉಳಿಯುತ್ತದೆ. ಕಾರು, ಬಸ್ಸಿಗೆ ಅದು ನಡೆದೀತು. ಹಳೇ ಪಾಂಬನ್ ನಡೆದದ್ದು ಮೀಟರ್ ಗೇಜಿನ ಹಗುರ ಗಾಡಿಗಳಿಂದ. 2007ರಲ್ಲಿ ಬ್ರಾಡ್ ಗೇಜ್ ಆದ ಮೇಲೆ ಉಪ್ಪುಗಾಳಿಯ ತುಕ್ಕಿನ ಜೊತೆ ಈ ಭಾರವೂ ಸೇರಿತು. 2022ರ ಡಿಸೆಂಬರಿನಲ್ಲಿ ಅದರ ಮೇಲೆ ರೈಲು ಓಡಾಟ ನಿಂತಿತು.

2025ರ ಏಪ್ರಿಲ್ 6ರಂದು ಉದ್ಘಾಟನೆಯಾದ ಹೊಸದು ಬೇರೆ ಜಾತಿ. ಅದು ಬಾವಿಯ ರಾಟೆಯ ಸೂತ್ರ. ಎರಡು ಕಡೆ ಗೋಪುರ, ನಡುವಿನ ಸ್ಪ್ಯಾನ್ ಮಲಗಿದ ಹಾಗೆಯೇ 17 ಮೀಟರ್ ನೇರ ಮೇಲೇಳುತ್ತದೆ. ಗೋಪುರದ ತಲೆಯ ಗಡಗಡೆಗಳ ಮೇಲೆ ಉಕ್ಕಿನ ಹಗ್ಗ ಹಾದು ಆಚೆ ತುದಿಗೆ ಎದುರು ತೂಕ ಜೋತಿರುತ್ತದೆ. ಇದಕ್ಕೂ ಶಿಕಾಗೊ ನದಿಯ ನಂಟಿದೆ: 1894ರಲ್ಲಿ ಸೌತ್ ಹಾಲ್‌ಸ್ಟೆಡ್ ಬೀದಿಯ ರಸ್ತೆಗಾಗಿ ವ್ಯಾಡೆಲ್ ಎಂಬುವನು 130 ಅಡಿ ಸ್ಪ್ಯಾನನ್ನು ನೀರಿನಿಂದ 155 ಅಡಿ ಮೇಲಕ್ಕೆ ಎತ್ತುವಂತೆ ಕಟ್ಟಿದ್ದ. ಪೋರ್ಟ್‌ಲೆಂಡ್ ಊರಿನ ವಿಲಾಮೆಟ್ ನದಿಗೆ 1912ರಲ್ಲಿ ಅವನ ಕಂಪನಿ ಮಾಡಿಕೊಟ್ಟದ್ದು ಇನ್ನೂ ಚಂದ. ಮೇಲಂತಸ್ತು ರಸ್ತೆಗೆ, ಕೆಳಗಿನದು ರೈಲಿಗೆ. ಸಣ್ಣ ದೋಣಿ ಬಂದರೆ ಕೆಳಗಿನ ಅಂತಸ್ತು ಮಾತ್ರ ಮೇಲಿನದರೊಳಗೆ ಮಡಚಿಕೊಳ್ಳುತ್ತದೆ, ರಸ್ತೆಯ ಜನಕ್ಕೆ ಗೊತ್ತೂ ಆಗುವುದಿಲ್ಲ. ದೊಡ್ಡ ಹಡಗು ಬಂದರಷ್ಟೇ ಎರಡೂ ಏಳುತ್ತವೆ. ಇವತ್ತಿಗೂ ಕೆಲಸ ಮಾಡುತ್ತಿದೆ.

ಎದುರು ತೂಕ ಇಲ್ಲದಿದ್ದರೆ ಏನಾಗುತ್ತಿತ್ತು? 660 ಟನ್ನನ್ನು 17 ಮೀಟರ್ ಎತ್ತಲು ಸುಮಾರು 30 ಯೂನಿಟ್ ಕರೆಂಟಿನಷ್ಟು ಕೆಲಸ. ಬಿಲ್ಲಿನ ಲೆಕ್ಕದಲ್ಲಿ ದೊಡ್ಡದೇನಲ್ಲ, ಆದರೆ ಅದು ಐದೂವರೆ ನಿಮಿಷದಲ್ಲಿ ಆಗಬೇಕೆಂದರೆ 330 ಕಿಲೊವ್ಯಾಟ್, ಹತ್ತಿರ ಹತ್ತಿರ 450 ಎಚ್‌ಪಿ ಮೋಟಾರು ಬೇಕು. ಅದಕ್ಕಿಂತ ಅಪಾಯದ್ದು ಇಳಿಸುವುದು: ಬ್ರೇಕ್ ಜಾರಿದರೆ ಅಷ್ಟೂ ತೂಕ ಧೊಪ್ಪೆಂದು ಬೀಳುತ್ತದೆ. ಸಮತೂಕ ಮಾಡಿದ್ದರೆ ಇದರ ಸಣ್ಣ ಪಾಲು ಸಾಕು. ಇನ್ನು ಹಗ್ಗ. ಪ್ರತಿ ಮೂಲೆಗೂ ಒಂದಲ್ಲ, ಹಲವು. ಅದು ಯಾಕೆಂದು ನಮ್ಮ ಕಡೆಯವರಿಗೆ 2024ರ ಆಗಸ್ಟ್ 10ರ ರಾತ್ರಿಯ ನಂತರ ಹೇಳಿಕೊಡಬೇಕಾಗಿಲ್ಲ. ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟೇ ಕೊಚ್ಚಿಹೋಗಿತ್ತು.

ಈ ಸಮತೂಕ ಒಮ್ಮೆ ಮಾಡಿ ಮರೆಯುವಂಥದ್ದಲ್ಲ. ಬಣ್ಣದ ಮೇಲೆ ಬಣ್ಣ ಬಳಿದರೆ, ಮರದ ಸ್ಲೀಪರ್ ತೆಗೆದು ಬೇರೆ ಹಾಕಿದರೆ, ಚಳಿ ದೇಶದಲ್ಲಿ ಹಿಮ ಕೂತರೆ ತೂಕ ಬದಲಾಗುತ್ತದೆ. ಅದಕ್ಕೆ ಕಾಂಕ್ರೀಟ್ ದಿಮ್ಮಿಯಲ್ಲಿ ಮೊದಲೇ ಗೂಡು ಬಿಟ್ಟಿರುತ್ತಾರೆ, ಅದರೊಳಗೆ ಸಣ್ಣ ಗಟ್ಟಿಗಳನ್ನು ಹಾಕಿ ತೆಗೆದು ಸರಿದೂಗಿಸುತ್ತಾರೆ. ಪೂರ್ತಿ ಸಮ ಮಾಡುವುದಿಲ್ಲ, ಮೂತಿಯ ಕಡೆ ಒಂದು ಚೂರು ಭಾರ ಹೆಚ್ಚೇ ಇಡುತ್ತಾರೆ, ಮುಚ್ಚಿದ್ದು ಮುಚ್ಚಿಕೊಂಡೇ ಇರಲಿ ಎಂದು. ಉರುಳುವ ಜಾತಿಯಲ್ಲಿ ಕಮಾನಿನ ಅಡಿಯ ಪಟ್ಟಿಯೂ ಹಾಸಿನ ಪಟ್ಟಿಯೂ ಬಿರುಕು ಬಿಡುತ್ತವೆ, ಇಡೀ ತೂಕ ಸಪುರ ಗೆರೆಯೊಂದರ ಮೇಲೆ ಉರುಳುತ್ತದಲ್ಲ. ಅಚ್ಚಿನ ಜಾತಿಗೆ ಗ್ರೀಸ್ ತಪ್ಪಬಾರದು. ನೇರ ಏಳುವುದರಲ್ಲಿ ಎರಡು ಕಡೆಯ ಹಗ್ಗ ಸಮ ಹಿಗ್ಗದಿದ್ದರೆ ಸ್ಪ್ಯಾನ್ ಓರೆಯಾಗಿ ಗೋಪುರದ ನಡುವೆ ಕಚ್ಚಿಕೊಳ್ಳುತ್ತದೆ.

ಬಿಸಿಲಿನ ಕಾಟ ನಮಗೆ ಅರ್ಥವಾಗುವಂಥದ್ದು. ಒಂದು ಮೀಟರ್ ಉದ್ದದ ಉಕ್ಕು ಒಂದು ಡಿಗ್ರಿಗೆ 0.012 ಮಿ.ಮೀ. ಹಿಗ್ಗುತ್ತದೆ. ಶಿಕಾಗೊದ ಚಳಿಗಾಲದ ಮೈನಸ್ 20ರಿಂದ ಬೇಸಿಗೆಯ 35ರವರೆಗೆ 55 ಡಿಗ್ರಿ ಅಂತರ ಹಿಡಿದರೆ 52 ಮೀಟರಿನ ರೆಕ್ಕೆ 34 ಮಿ.ಮೀ. ಉದ್ದವಾಗುತ್ತದೆ. ಬಿಸಿಲಲ್ಲಿ ಕಬ್ಬಿಣ ಗಾಳಿಗಿಂತ ಜಾಸ್ತಿ ಕಾಯುವುದರಿಂದ ನಿಜದಲ್ಲಿ ಇನ್ನೂ ಹೆಚ್ಚು. ರೆಕ್ಕೆ ಸೇತುವೆಯಲ್ಲಿ ಮೂತಿಯ ಕಡೆ ಸಂದು ಬಿಟ್ಟರೆ ಮುಗಿಯಿತು. ತಿರುಗು ಸೇತುವೆಯ ಎರಡೂ ತುದಿ ಹಿಗ್ಗಿ ಎರಡು ದಂಡೆಯ ನಡುವೆ ಬೆಣೆಯಂತೆ ಸಿಕ್ಕಿಕೊಳ್ಳುತ್ತದೆ. 2024ರ ಜುಲೈಯಲ್ಲಿ ನ್ಯೂಯಾರ್ಕಿನ ಥರ್ಡ್ ಅವೆನ್ಯೂ ರಸ್ತೆ ಸೇತುವೆ ಹೀಗೇ ತೆರೆದದ್ದು ಮುಚ್ಚಲಾಗದೆ ನಿಂತಾಗ ನೀರು ಹೊಡೆದು ತಣ್ಣಗೆ ಮಾಡಬೇಕಾಯಿತು. ನ್ಯೂಜೆರ್ಸಿಯ 1910ರ ಪೋರ್ಟಲ್ ರೈಲು ಸೇತುವೆಯಂತೂ ಮುಚ್ಚಿದ ಮೇಲೆ ಹಳಿ ಸರಿಯಾಗಿ ಕೂರದೆ ಸುತ್ತಿಗೆಯಲ್ಲಿ ಬಡಿದು ಕೂರಿಸುವ ಸ್ಥಿತಿಗೆ ಬಂತು. ಅದರ ಬದಲಿಗೆ ಪಕ್ಕದಲ್ಲಿ ಕಟ್ಟಿದ್ದು ಏಳುವ ಸೇತುವೆಯನ್ನಲ್ಲ, ಎತ್ತರದ ಸ್ಥಿರ ಸೇತುವೆಯನ್ನು.

ರಸ್ತೆಯಲ್ಲಿ ಬೆರಳಗಲ ಸಂದು ಇದ್ದರೆ ಬಸ್ಸು ಕುಲುಕುತ್ತದೆ ಅಷ್ಟೆ. ಹಳಿಯಲ್ಲಿ ಗಾಲಿ ಹಳಿ ತಪ್ಪುತ್ತದೆ. ಹಾಗಾಗಿ ರೈಲು ಸೇತುವೆಯನ್ನು ತೆರೆಯುವ ಕ್ರಮ ಕಟ್ಟುನಿಟ್ಟು. ಮೊದಲು ಎರಡೂ ಬದಿಯ ಸ್ಟೇಷನ್ನಿನಿಂದ ಲೈನ್ ಖಾಲಿಯೆಂಬ ಖಾತ್ರಿ, ಸಿಗ್ನಲ್ ಕೆಂಪು. ವಿದ್ಯುತ್ ಲೈನಾದರೆ ಮೇಲಿನ ತಂತಿಯ ಕರೆಂಟು ತೆಗೆಯುವುದು. ಆಮೇಲೆ ತುದಿಯ ಹಳಿಗಳ ಕೊಂಡಿ ಬಿಡಿಸಿ, ಸೇತುವೆಯ ಅಗುಳಿ ಎಳೆದು, ಬ್ರೇಕ್ ಬಿಟ್ಟು, ಮೊದಲು ನಿಧಾನ, ನಡುವೆ ಜೋರು, ಕೊನೆಗೆ ಮತ್ತೆ ನಿಧಾನ. ಮುಚ್ಚುವಾಗ ಇದೆಲ್ಲ ಹಿಂದುಮುಂದು. ಅಗುಳಿ ತುದಿಮುಟ್ಟ ಕೂತಿದೆಯೆಂದು ಯಂತ್ರವೇ ಹೇಳುವವರೆಗೆ ಸಿಗ್ನಲ್ ಹಸಿರಾಗುವಂತಿಲ್ಲ. ಮನುಷ್ಯ ಕಣ್ಣಳತೆಯಲ್ಲಿ ಸರಿಯಿದೆ ಎಂದರೆ ಸಾಲದು.

ಇಷ್ಟಾದರೂ 1958ರ ಸೆಪ್ಟೆಂಬರ್ 15ರಂದು ನೂವಾರ್ಕ್ ಕೊಲ್ಲಿಯಲ್ಲಿ ಪ್ರಯಾಣಿಕರ ರೈಲು ಕೆಂಪು ಸಿಗ್ನಲ್ ದಾಟಿ ಎತ್ತಿದ್ದ ಸೇತುವೆಯ ಬಾಯಿಂದ ನೀರಿಗೆ ಬಿತ್ತು, 48 ಜನ ಸತ್ತರು. ಇದಕ್ಕಿಂತ ಪಾಠದ್ದು 1993ರ ಸೆಪ್ಟೆಂಬರ್ 22ರದು. ಅಲಬಾಮಾದ ಬಯೂ ಕಾನೋ ಸೇತುವೆಯ ಒಂದು ಸ್ಪ್ಯಾನ್ ತಿರುಗುವಂತೆ ಮಾಡಿದ್ದು, ಆದರೆ ತಿರುಗಿಸಿರಲೇ ಇಲ್ಲ, ಬಿಗಿಯಾಗಿ ಕಟ್ಟಿಯೂ ಇರಲಿಲ್ಲ. ಮಂಜಿನಲ್ಲಿ ದಾರಿ ತಪ್ಪಿದ ಸರಕು ದೋಣಿ ಗುದ್ದಿದಾಗ ಸ್ಪ್ಯಾನ್ ಹೆಚ್ಚುಕಡಿಮೆ ಒಂದು ಮೀಟರ್ ಸರಿಯಿತು. ಹಳಿ ಬಾಗಿತು, ತುಂಡಾಗಲಿಲ್ಲ. ಹಳಿಯಲ್ಲಿ ಹರಿಯುವ ಸಿಗ್ನಲ್ ಕರೆಂಟು ಕಡಿಯಲೇ ಇಲ್ಲ, ಸಿಗ್ನಲ್ ಹಸಿರಾಗಿಯೇ ಉಳಿಯಿತು. 47 ಜನ ಹೋದರು.

ಮಗ ಅಲ್ಲೇ ಇದ್ದಾನಲ್ಲ, ಅದೇ ಊರಿನ ಸೇಂಟ್ ಚಾರ್ಲ್ಸ್ ಏರ್ ಲೈನ್ ಸೇತುವೆಯನ್ನೂ ನೋಡಿ ಬರಲು ಹೇಳಿ. 1919ರಲ್ಲಿ ಕಟ್ಟಿದ ಆ ಸ್ಟ್ರಾಸ್ ರೆಕ್ಕೆ ಆಗ 260 ಅಡಿ ಇತ್ತು. ನದಿಯ ಸೊಟ್ಟ ತಿರುವನ್ನು ನೆಟ್ಟಗೆ ಮಾಡಿದಾಗ ನದಿಯೇ ಅದರ ಕೆಳಗಿಂದ ಸರಿದುಹೋಯಿತು. 1930ರಲ್ಲಿ ಸೇತುವೆಯನ್ನು ಹೊಸ ಪಾತ್ರಕ್ಕೆ ಸಾಗಿಸಿ, 220 ಅಡಿಗೆ ಮೋಟು ಮಾಡಿ ಕೂರಿಸಿದರು. ಫೋಟೊ ತೆಗೆಯುವಾಗ ಮೂತಿಯನ್ನಷ್ಟೇ ತೆಗೆಯದೆ ಬುಡವನ್ನೂ ಹಿಡಿಯಲಿ. ಬುಡದಲ್ಲಿ ಗಾಲಿಯ ತುಂಡಿನಂಥ ಕಮಾನು ಸಮತಟ್ಟು ಹಾಸಿನ ಮೇಲೆ ಕೂತಿದ್ದರೆ ಶೆರ್ಜರ್. ದಪ್ಪ ಅಚ್ಚು ಒಂದು ಕಡೆ ನಿಂತಿದ್ದು ನೆತ್ತಿಯ ಮೇಲೆ ಕಾಂಕ್ರೀಟ್ ದಿಮ್ಮಿ ಜೋತಿದ್ದರೆ ಸ್ಟ್ರಾಸ್. ಎರಡೂ ಇಲ್ಲದೆ ಜೋಡಿ ಗೋಪುರ ಕಂಡರೆ ಹೊಸ ಪಾಂಬನ್ನಿನ ಬಳಗದ್ದು.